ವಿಜ್ಞಾನದ ಊರಿನಲ್ಲಿ ನನ್ನ ಕೂದಲಿನ ವಿಚಾರಣೆ

ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆಲ್ಲುವವನನ್ನು ಮನೆಯಲ್ಲಿಟ್ಟುಕೊಳ್ಳುವುದು ಎಂಥ ಶಿಕ್ಷೆ ಎಂಬುದನ್ನು ನಮ್ಮ ಮನೆಯವರನ್ನೇ ಕೇಳಬೇಕು. ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಹೇಳಿ ಸುಮ್ಮನಾಗುವವನು ನಾನಲ್ಲ. ಯಾವುದಕ್ಕೆ ಹೋಲಿಸಿದರೆ ಕಡಿಮೆ ಎಂಬುದನ್ನೂ ಸಾಧಿಸಿಯೇ ಕೈ ತೊಳೆಯುವವನು. ಅಥಣಿಯ ಕಾಲೇಜಿನಲ್ಲಿ ಓದುತ್ತಿದ್ದ ಆ ಬಟನ್ ಮೊಬೈಲುಗಳ ಕಾಲದಲ್ಲಿ ದೇವರ ವಿರುದ್ಧ ಮೂರು, ದೆವ್ವದ ವಿರುದ್ಧ ಎರಡು ಬಹುಮಾನ ನನ್ನ ಹೆಸರಿನಲ್ಲಿದ್ದವು. ಕಾಕುವಿನ ವಿರುದ್ಧ ಮಾತ್ರ ಒಂದೂ ಇರಲಿಲ್ಲ.

ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ. ನಾನು ಟೈಫಾಯ್ಡ್ ಆಗಿ ಮಿರಜಿನ ದವಾಖಾನೆಯಲ್ಲಿ ಮಲಗಿದ್ದಾಗ, ನನ್ನನ್ನು ಒಂದು ಮಾತೂ ಕೇಳದೆ, ಹುಡುಗ ಎದ್ದು ಕೂತರೆ ಅವನ ತಲೆಗೂದಲು ಕೊಡುತ್ತೇನೆ ಎಂದು ಕೊಕಟನೂರ ಯಲ್ಲಮ್ಮನಿಗೆ ಹರಕೆ ಹೊತ್ತುಬಿಟ್ಟಿದ್ದಳು. ನಾನು ಎದ್ದು ಕೂತೆ. ಇಂಜೆಕ್ಷನ್ನಿನಿಂದ ಎಂದು ನಾನು, ಯಲ್ಲಮ್ಮನಿಂದ ಎಂದು ಅವಳು. ಹಣೆಯ ಮೇಲೆ ಇಳಿಬೀಳುವ ನನ್ನ ಕೂದಲು ಹಾರೂಗೇರಿಯ ತನಕ ಹೆಸರು ಮಾಡಿದೆ ಎಂದು ನಾನು ಆಗ ನಂಬಿದ್ದೆ. ಇದಕ್ಕೆ ಪುರಾವೆ ಕೇಳಬೇಡಿ. ಅದನ್ನು ಬೋಳಿಸಿಕೊಳ್ಳಲು ಸುತರಾಂ ಒಪ್ಪಲಿಲ್ಲ.

ಕಡೆಗೆ ನಾನೇ ಒಂದು ದಾರಿ ಹೇಳಿದೆ. ಕಾಕುವಿನ ತಮ್ಮ ಭರಮು ಮಾಮಾ, ಬೆಂಗಳೂರಿನ ಹೊರಗೆ ಬರೀ ಪ್ರಯೋಗಾಲಯಗಳೇ ತುಂಬಿದ ಪುಟ್ಟ ಊರೊಂದರಲ್ಲಿ ವಿಜ್ಞಾನಿ. ಅವನೇ ತೀರ್ಪು ಹೇಳಲಿ! ವಿಜ್ಞಾನಿ ಎಂದಮೇಲೆ ತೀರ್ಪು ನನ್ನ ಜೇಬಿನಲ್ಲಿದ್ದಂತೆಯೇ. ಮಿಸ್ಡ್ ಕಾಲ್ ಕೊಟ್ಟು ಅವನ ಒಪ್ಪಿಗೆಯನ್ನೂ ಪಡೆದೆ. ಕಾಕು ತಕರಾರಿಲ್ಲದೆ ಎರಡು ಡಬ್ಬಿ ಶೇಂಗಾ ಹೋಳಿಗೆ ಕಟ್ಟಿದಳು. ಇದು ನ್ಯಾಯಾಧೀಶರಿಗೆ ಲಂಚ ಎಂದು ಬಸ್ ಸ್ಟ್ಯಾಂಡಿನಲ್ಲೇ ಆಕ್ಷೇಪಿಸಿದೆ.

ಆ ಊರೋ, ಪರೀಕ್ಷೆ ನಡೆಯುತ್ತಿರುವ ಕೋಣೆಯಂತಿತ್ತು. ಸಾಲುಮರ, ಗೇಟುಗಳು, ಸೈಕಲ್ ಮೇಲೆ ಯೋಚಿಸುತ್ತ ಹೋಗುವ ಜನ. ನಾಯಿಗಳೂ ಅನುಮತಿ ಪಡೆದು ಬೊಗಳುವಂತಿದ್ದವು. "ಇಲ್ಲಿ ಯಾರರ ಸತ್ತಾರೇನಲೇ?" ಎಂದು ಕಾಕು ಪಿಸುಗುಟ್ಟಿದಳು, ಆ ಪಿಸುಮಾತಿಗೇ ಎರಡು ಕಿಟಕಿ ತೆರೆದವು. ಮಾಮಾನ ಮನೆಯಲ್ಲಿ ನಾನು ವಾದ ಆರಂಭಿಸುತ್ತಿದ್ದಂತೆ ಕಾವಲುಗಾರ ಓಡಿ ಬಂದು, ಜಗಳವೇನಾದರೂ ಆಗುತ್ತಿದೆಯೇ ಎಂದು ವಿಚಾರಿಸಿದ. "ಇಲ್ರಿ, ನಮ್ಮೂರ ಮಂದಿ. ಆರಾಮ ಅದೀರೇನ ಅಂತ ಕೇಳಾಕತ್ತಾರ," ಎಂದು ಮಾಮಾ ಅವನನ್ನು ಕಳಿಸಿದ.

ಮಾಮಾ ಹೋಳಿಗೆ ಮುರಿಯುತ್ತ ವಿಚಾರಣೆಗಿಳಿದ.

"ಹರಕಿ ಯಾರ ಹೊತ್ತಾರ?"

"ನಾನ," ಎಂದಳು ಕಾಕು.

"ಕೂದಲಾ ಯಾರದು?"

ಅಲ್ಲೇ ಹಿಡಿದೆ ನಾನು. ಇನ್ನೊಬ್ಬರ ವಸ್ತುವನ್ನು ಅವರನ್ನು ಕೇಳದೆ ಕೊಟ್ಟುಬಿಡಲು ಯಾರಿಗೂ ಹಕ್ಕಿಲ್ಲ. ಮಾತು ಕೊಟ್ಟವರು ತಮ್ಮದರಲ್ಲೇ ತೀರಿಸಬೇಕು! ಮೇಜನ್ನೂ ಒಮ್ಮೆ ಗುದ್ದಿದೆ.

"ಬರೋಬ್ಬರಿ ಐತಿ ಅಕ್ಕಾ. ಇವ ಗೆದ್ದ," ಎಂದ ಮಾಮಾ.

ಕಾಕು ಬೇಸರಪಡಲಿಲ್ಲ. ಸುಮ್ಮನೆ ತುರುಬು ಬಿಚ್ಚಿದಳು. ಸೊಂಟ ದಾಟಿ ಇಳಿಯಿತು ಕೂದಲು. "ಖರೇ ಐತಿ. ನನ್ನ ಮಾತು, ನನ್ನ ಕೂದಲಾ. ಬರೂ ಮಂಗಳವಾರ ನಾನ ಬೋಳಿಸ್ಕೊತೀನಿ."

"ಏ ಕಾಕು, ಹುಚ್ಚ ಹಿಡದೈತೇನ ನಿನಗ?"

"ಯಾಕಲೇ, ಗೆದ್ದಿಯಲ್ಲ? ಸುಮ್ನ ಹೋಳಿಗಿ ತಿನ್ನ."

ದಿಕ್ಕು ತೋಚದೆ ಮಾಮಾನನ್ನು ನೋಡಿದೆ. ಲೆಕ್ಕ ಸರಿಯಾಗಿದೆ ಎನ್ನುವಂತೆ ಅವನು ತಲೆಯಾಡಿಸಿ ಇನ್ನೊಂದು ಹೋಳಿಗೆಗೆ ಕೈಹಾಕಿದ.

ಆಮೇಲಿನ ಅರ್ಧ ಗಂಟೆ ನಾನು ಮಾತಾಡಿದಂತೆ ಯಾವ ವೇದಿಕೆಯ ಮೇಲೂ ಮಾತಾಡಿಲ್ಲ. ಹರಕೆಯ ಲಾಭ ಪಡೆದವನೇ ಅದರ ಹೊಣೆ ಹೊರಬೇಕು ಎಂದೆ. ಎದ್ದು ಕೂತ ಮೈ ನನ್ನದು, ಹಾಗಾಗಿ ಹೋಗಬೇಕಾದ ಕೂದಲೂ ನನ್ನದೇ ಎಂದೆ. ಇಂಜೆಕ್ಷನ್ನಿನ ಪಕ್ಕದಲ್ಲಿ ಯಲ್ಲಮ್ಮನೂ ಒಂದು ಕೈ ಹಾಕಿರಲಿಲ್ಲ ಎಂದು ನೀನು ಹೇಗೆ ಹೇಳುತ್ತೀ ಎಂದು ನನ್ನನ್ನು ನಾನೇ ಗದರಿಸಿದೆ. ಕಾಕು ನಿಧಾನವಾಗಿ ಮತ್ತೆ ತುರುಬು ಸುತ್ತಿಕೊಳ್ಳುತ್ತ, ನಡುನಡುವೆ "ಹೌದನು?" ಎನ್ನುತ್ತ ಕೇಳಿದಳು.

ಮಂಗಳವಾರ ಕೊಕಟನೂರಿನಲ್ಲಿ ನನ್ನ ನುಣ್ಣನೆಯ ತಲೆಯ ಮೇಲೆ ಕೈಯಾಡಿಸಿ ಅವಳು ಹೇಳಿದಳು: "ನಾ ಎಷ್ಟ ಬಡಕೊಂಡ್ರೂ ನೀ ಒಪ್ಪತಿದ್ದಿಲ್ಲ ನೋಡ. ನಿನಗ ನೀನ ಹೇಳಿ ಒಪ್ಪಿಸಿದಿ. ಶಾಣ್ಯಾ ಅದಿ."

ತಕ್ಷಣ ಖಂಡಿಸಲು ಬಾಯಿ ತೆರೆದೆ. ಆದರೆ ಎದುರಾಳಿ ನಾನೇ ಆಗಿದ್ದೆ. ಅಷ್ಟು ಚೆನ್ನಾಗಿ ವಾದ ಮಾಡುವವನ ಎದುರು ನಾನು ಅದುವರೆಗೆ ನಿಂತಿರಲೇ ಇಲ್ಲ.