ಉಯ್ಯಾಲೆ ಮಣೆಗೆ ನಾಲ್ಕು ತೂತು

ಮರಕ್ಕೆ ತೂತು ಕೊರೆಯುವುದಕ್ಕಿಂತ ಸುಲಭದ ಕೆಲಸ ಭೂಮಿಯ ಮೇಲೆ ಇನ್ನೊಂದಿಲ್ಲ ಎಂದು ನಾನು ಘೋಷಿಸಿದ್ದು ಒಂದು ಶನಿವಾರ, ಎಲ್ಲರೂ ಮುದ್ದೆ ಮುರಿಯುತ್ತಿದ್ದಾಗ. ನಾನು ಬೇಲೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವಳು. ತಿರುಗುವ ವಸ್ತುಗಳ ಮೇಲೆ ಪ್ರತಿ ವರ್ಷ ಒಂದು ಇಡೀ ಅಧ್ಯಾಯ ಮಾಡಿ ಮುಗಿಸುತ್ತೇನೆ. ಭೂಮಿ ತಿರುಗುವ ಗುಟ್ಟನ್ನೇ ಬಲ್ಲವಳಿಗೆ ಒಂದು ಡ್ರಿಲ್ಲಿಂಗ್ ಮಿಷನ್ನು ತಿರುಗಿಸಲು ಬಾರದೆ?

ಮಿಷನ್ನು ನಾನೇ ಆಸೆಪಟ್ಟು ತಂದದ್ದು. ಹಿತ್ತಿಲ ಶೆಡ್ಡಿನಲ್ಲಿ, ಮೇಜಿಗೆ ಬೋಲ್ಟು ಹಾಕಿಸಿಕೊಂಡು, ಒಂಟಿ ಕಾಲಲ್ಲಿ ಮೀನಿಗೆ ಕಾದು ನಿಂತ ಕೊಕ್ಕರೆಯಂತೆ ನಿಂತಿತ್ತು. ನನ್ನ ಕಣ್ಣಿಗೆ ಕೊಕ್ಕರೆ. ಅತ್ತೆ ಅನುಸೂಯಮ್ಮನವರ ಕಣ್ಣಿಗೆ ಅದು ತಮ್ಮ ತೆಂಗಿನಕಾಯಿಯ ಜಾಗ ಕಬಳಿಸಿದ ಕಬ್ಬಿಣ.

“ಅದು ಬಂದಾಗ್ಲಿಂದ ಒಂದು ತೂತೂ ಕಾಣ್ಲಿಲ್ಲ. ನಾಳೆ ಸಂಜೆ ಹಗರೆಯಿಂದ ಭಾವ ಕಾಯಿ ತರ್ತಾರೆ. ಎಲ್ಲಿ ಸುರಿಸ್ಲಿ, ನಿನ್ನ ತಲೆ ಮೇಲಾ?”

“ಅಷ್ಟರೊಳಗೆ ನಿಮ್ಮ ಉಯ್ಯಾಲೆ ಮಣೆ ತಯಾರಾಗಿರುತ್ತೆ ಅತ್ತೆ. ನಾಲ್ಕು ಮೂಲೆಗೆ ನಾಲ್ಕು ತೂತು, ಅಷ್ಟೇ ತಾನೆ?”

“ಆಗ್ದಿದ್ರೆ?”

“ಮಿಷನ್ನು ಮಾರಿಬಿಡಿ.”

ನನ್ನ ಗಂಡನ ಹೆಸರು ಭೀಮರಾಜ್. ಹೆಸರು ಇಟ್ಟವರು ಮುಂದೆ ಮೈ ಬರುತ್ತದೆಂದು ನಂಬಿದ್ದರು. ಅವನು ತುತ್ತು ಹಿಡಿದುಕೊಂಡೇ ನನ್ನನ್ನು ಮರುಕದಿಂದ ನೋಡಿದ. “ಮಾತು ಕೊಡೋ ಮುಂಚೆ ನನ್ನನ್ನೊಂದು ಕೇಳಬಾರದಿತ್ತೇನೇ?” ಎಂದ. ಕೇಳಬಹುದಿತ್ತು. ಆದರೆ ಅವನು ಹಿಂದಿನ ವಾರ ಗೋಡೆಗೆ ಮೊಳೆ ಹೊಡೆಯಲು ಹೋಗಿ ಪಕ್ಕದ ಮನೆಯ ಟಿವಿ ಕೆಡಿಸಿದವನು.

ಮಣೆಯ ಕಥೆ ಇಷ್ಟೇ. ಮಧ್ಯಾಹ್ನ ಊಟವಾದ ಮೇಲೆ ಉಯ್ಯಾಲೆಯಲ್ಲಿ ಕಾಲು ಚಾಚಿ ಕೂರುವುದೊಂದೇ ಅತ್ತೆ ತಮಗಾಗಿ ಇಟ್ಟುಕೊಂಡಿದ್ದ ಸುಖ. ಹಳೆಯ ಮಣೆ ಸೀಳಿತ್ತು. ಹೊಸ ಹಲಸಿನ ಹಲಗೆ ಬಂದು ಗೋಡೆಗೆ ಒರಗಿತ್ತು. ಸರಪಳಿಗಳು ತೊಲೆಯಿಂದ ಬರಿದೇ ಜೋತಾಡುತ್ತ, ನನ್ನನ್ನು ಕಂಡಾಗಲೆಲ್ಲ ಕಿಣಿಕಿಣಿ ಎಂದು ಆಡಿಕೊಳ್ಳುತ್ತಿದ್ದವು.

ಭಾನುವಾರ ಬೆಳಗ್ಗೆ ಮನೆ ನನ್ನ ಕೈಗೆ ಬಂತು. ಭೀಮರಾಜ್ ಯಾವುದೋ ಪರೀಕ್ಷೆಯ ಮೇಲ್ವಿಚಾರಣೆಗೆಂದು ಅರಸೀಕೆರೆಗೆ ಹೋದ. ಅಲ್ಲಿ ಫೋನು ಹೊರಗೇ ಇಡಿಸುತ್ತಾರೆ. ಅತ್ತೆ ರಾಗಿ ಬೀಸಿಸಲು ಮಿಲ್ಲಿಗೆ ಹೋದರು. ನಾನು ಮಿಷನ್ನಿನ ಜೊತೆ ಬಂದಿದ್ದ ಪುಸ್ತಿಕೆಯನ್ನು ಭಕ್ತಿಯಿಂದ ತೆರೆದೆ. ಸುರಕ್ಷತೆಯೇ ಮೊದಲು!

ಬಳೆ ಇರಬಾರದು ಎಂದಿತ್ತು. ಬಿಚ್ಚಿದೆ. ಕೊರಳಲ್ಲಿ ಏನೂ ನೇತಾಡಬಾರದು. ತಾಳಿಯನ್ನೂ ತೆಗೆದು, ಬಳೆಯ ಜೊತೆ ಸಾಸಿವೆ ಡಬ್ಬಿಯಲ್ಲಿಟ್ಟೆ. ಉಂಗುರವೂ ಹೋಯಿತು. ಮುಚ್ಚಿದ ಶೂ ಹಾಕಬೇಕಂತೆ; ಕಾಲುಂಗುರ ಒತ್ತಿತು, ಅದೂ ಡಬ್ಬಿಗೆ. ಜಡೆ ಬಿಚ್ಚಿ ಗಂಟು ಹಾಕಿ ಬಟ್ಟೆ ಬಿಗಿದೆ, ಮುಡಿದಿದ್ದ ಕಾಕಡವನ್ನು ಕಿಟಕಿಯಲ್ಲಿಟ್ಟೆ. ಸೀರೆಯ ಬದಲು ಭೀಮರಾಜನ ಹಳೆಯ ಬಿಳಿ ಅಂಗಿ, ಪ್ಯಾಂಟು. ಕಣ್ಣಿನ ರಕ್ಷಣೆಯ ದೊಡ್ಡ ಕನ್ನಡಕವನ್ನು ಅಳತೆ ನೋಡಿ ತೆಗೆಯುವಾಗ ಹಣೆಯ ಸ್ಟಿಕ್ಕರೂ ಅದರ ಜೊತೆ ಹೊರಟುಹೋಯಿತು.

ಹಲಗೆಯ ಒಂದು ತುದಿಗೆ ಸ್ಟೂಲಿನ ಆಸರೆ ಕೊಟ್ಟು, ಇನ್ನೊಂದನ್ನು ಕ್ಲ್ಯಾಂಪು ಹಾಕಿ ಬಿಗಿದೆ. ಕೊರೆಯುವ ಬಿಟ್ಟನ್ನು, ಅದನ್ನು ಕಚ್ಚಿಹಿಡಿಯುವ ಚಕ್ಕಿನ ಬಾಯಿಗೆ ಕೊಟ್ಟು, ಟಿ ಆಕಾರದ ಅದರ ಕೀಯಿಂದ ತಿರುಗಿಸಿ ತಿರುಗಿಸಿ ಬಿಗಿಮಾಡಿದೆ. ಸ್ವಿಚ್ಚು ಒತ್ತಿದೆ. ಕೊಕ್ಕರೆ ಕದಲಲಿಲ್ಲ. ತಲೆ ಎತ್ತಿ ನೋಡಿದರೆ ಬಲ್ಬೂ ಉರಿಯುತ್ತಿಲ್ಲ. ಕರೆಂಟು ಹೋಗಿತ್ತು.

ಸುಮ್ಮನಿರಲಾರದೆ ಹಲಗೆಯ ಮೇಲಿನ ಧೂಳನ್ನು ಉಫ್ ಎಂದು ಊದಿದೆ. ರಕ್ಷಣೆಯ ಕನ್ನಡಕ ಆಗ ಮೇಜಿನ ಮೇಲೆ ತಾನು ಸುರಕ್ಷಿತವಾಗಿತ್ತು. ಧೂಳೆಲ್ಲ ನೇರ ಕಣ್ಣಿಗೆ ಬಂತು.

ಕಣ್ಣು ತೊಳೆಯಲು ಹಿತ್ತಿಲ ನಲ್ಲಿಗೆ ಓಡಿದೆ. ಕಾಂಪೌಂಡಿನ ಆಚೆ ಪಕ್ಕದ ಮನೆಯ ಉಷಾರಾಣಿ ಬಟ್ಟೆ ಒಣಗಿಸುತ್ತಿದ್ದರು. ನಮ್ಮ ಮನೆಯ ಸಾರಿಗೆ ಏನು ಹಾಕಿದ್ದೇವೆಂದು ದಿನಾ ಕೇಳುವ ಆ ತಾಯಿ ಅಂದು ಏನನ್ನೂ ಕೇಳಲಿಲ್ಲ. ಬೋಳು ಹಣೆ, ಬರಿಗೊರಳು, ಬಿಳಿ ಬಟ್ಟೆ, ಕೆಂಪು ಕಣ್ಣಲ್ಲಿ ದಳದಳ ನೀರು. ನಾನು ಮರ್ಯಾದೆಗೆಂದು ಕೈ ಎತ್ತಿ ಬೀಸಿದೆ. ಆ ಕೈಯಲ್ಲಿ ಬಳೆಯೂ ಇಲ್ಲದ್ದನ್ನು ಕಂಡು ಅವರು ಹಿಂಡಿದ ಟವೆಲನ್ನು ಮತ್ತೆ ಬಕೆಟ್ಟಿಗೆ ಬಿಟ್ಟು ಒಳಗೆ ಓಡಿದರು.

ಹೊಟ್ಟೆನೋವಿರಬೇಕು ಎಂದುಕೊಂಡೆ.

ಕರೆಂಟಿಗೆ ಕಾಯುತ್ತ ಶೆಡ್ಡಿನಲ್ಲಿ ಕೂತವಳು ಹಾಗೇ ಕಣ್ಣು ಮುಚ್ಚಿದ್ದೆ. ಎಚ್ಚರವಾದದ್ದು ಕುರ್ಚಿಗಳ ಸದ್ದಿಗೆ. ಅಂಗಳದಲ್ಲಿ ಶಾಮಿಯಾನದ ಕರಿಯಪ್ಪ ಗೂಟ ಹೊಡೆಯುತ್ತಿದ್ದ. ಪಕ್ಕದಲ್ಲಿ ಕಾಫಿ ಕಾಯಿಸುವ ದೊಡ್ಡ ಹಂಡೆ.

“ಏನು ಕರಿಯಪ್ಪ ಇದು?”

ಅವನು ತಲೆ ತಗ್ಗಿಸಿದ. “ನೀನು ಒಳಗಿರವ್ವ. ನಿಂಗ್ಯಾಕೆ ಇದೆಲ್ಲ? ನಾವು ನೋಡ್ಕತೀವಿ.”

ಅಷ್ಟರಲ್ಲಿ ಬಾಗಿಲಿಗೆ ಟೆಂಪೋ ಬಂತು. ಹಗರೆಯ ದ್ಯಾವಯ್ಯ, ಅಂದರೆ ನನ್ನ ಗಂಡನ ದೊಡ್ಡಪ್ಪ, ಪೇಟದ ತುದಿಯಿಂದ ಕಣ್ಣು ಒತ್ತಿಕೊಳ್ಳುತ್ತ ಇಳಿದರು. ಹಿಂದೆ ಟೆಂಪೋ ತುಂಬ ತೆಂಗಿನಕಾಯಿ.

“ಉಷಾರಾಣಿ ಫೋನ್ ಮಾಡಿದ್ಲು ಕಣವ್ವ. ಎದೆ ಒಡೀತು. ಹೆಂಗೂ ಬರೋ ಗಾಡಿ, ಖಾಲಿ ಯಾಕೆ ಬರ್ಬೇಕು ಅಂತ ಕಾಯೂ ಹಾಕ್ಕಂಡ್ ಬಂದೆ.”

ಅವರ ದುಃಖಕ್ಕೂ ಲೆಕ್ಕಾಚಾರಕ್ಕೂ ಎಂದೂ ಜಗಳವಾದದ್ದಿಲ್ಲ. ಜನ ಸೇರಿದರು. ಹೆಂಗಸರು ನನ್ನನ್ನು ಹಿಡಿದು ಕೂರಿಸಿದರು. ಯಾರಿಗೆ ಏನಾಗಿದೆ ಎಂದು ನಾನು ಕೇಳಿದಷ್ಟೂ ಸಲ “ಪಾಪ, ಇನ್ನೂ ತಿಳುವಳಿಕೆ ಬಂದಿಲ್ಲ” ಎಂದು ತಲೆ ಸವರಿದರು. ಅದೇ ಹೊತ್ತಿಗೆ ಅರಸೀಕೆರೆ ಬಸ್ಸು ಇಳಿದ ಭೀಮರಾಜ್ ಬೀದಿಯ ತಿರುವಿನಲ್ಲಿ ಶಾಮಿಯಾನ ಕಂಡು, ಮೆಲ್ಲಗೆ ಚಪ್ಪಲಿ ಬಿಟ್ಟು, ಕರಿಯಪ್ಪನ ಕಿವಿಯ ಬಳಿ ಕೇಳಿದ.

“ಯಾರು ಕರಿಯಪ್ಪ?”

“ನೀವೇ ಸಾ.”

ಭೀಮರಾಜ್ ಕುರ್ಚಿ ಎಳೆದುಕೊಂಡು ಕೂತ. ಅವನನ್ನು ಕಂಡು ಜನಕ್ಕೆ ಸಂತೋಷವಾಯಿತೆಂದು ಹೇಳಬೇಕು. ಆದರೆ ದೂರದಿಂದ ಬಂದ ಕೆಲವರ ಮುಖದಲ್ಲಿ, ನೋಡಲು ಬಂದ ಆಟ ಮಳೆಯಿಂದ ನಿಂತುಹೋದಾಗಿನ ಬೇಸರವಿತ್ತು.

“ಗಂಡ ಗಟ್ಟಿಯಾಗಿರುವಾಗ ಕೈ, ಕೊರಳು ಬರಿದು ಮಾಡ್ಕೊಂಡಿದ್ದು ಯಾಕಮ್ಮ ಹಾಗಾದ್ರೆ?” ಎಂದು ಉಷಾರಾಣಿ ನನ್ನ ಮೇಲೆ ತಿರುಗಿಬಿದ್ದರು. ತಪ್ಪು ಸುದ್ದಿ ಹಬ್ಬಿಸಿದವರು ಅವರು. ಉತ್ತರ ಕೊಡಬೇಕಾದವಳು ನಾನು. ಪುಸ್ತಿಕೆ ತಂದು ಎಲ್ಲರಿಗೂ ಓದಿ ಹೇಳಿದೆ.

“ಗಂಡಸ್ರಿಗೂ ಇದೇ ಬರ್ದೈತಾ?” ಎಂದರು ದ್ಯಾವಯ್ಯ.

“ಇದೆ ದೊಡ್ಡಮಾವ. ಆದ್ರೆ ಅವರಿಗೆ ಬಿಚ್ಚೋಕೆ ಇರೋದು ವಾಚೊಂದೇ. ಅದನ್ನ ಬಿಚ್ಚಿದ್ರೆ ಯಾರೂ ಶಾಮಿಯಾನ ತರಲ್ಲ.”

ಕರಿಯಪ್ಪ ಆಕಾಶ ನೋಡಿದ. ದ್ಯಾವಯ್ಯ ಕೆಮ್ಮಿ, ತೀರ್ಪು ಕೊಟ್ಟರು. “ಸೊಸೆ ದಿನಾ ತಾಳಿ ಬಿಚ್ಚಿಡೋ ಮನೆ ಉದ್ಧಾರ ಆಗಲ್ಲ. ಆ ಮಿಷನ್ನು ಈ ಟೆಂಪೋದಲ್ಲೇ ಹೋಗ್ಲಿ. ಕಾಯಿ ಇಳಿಸ್ರಲಾ.”

ಆಗ ಬಂದರು ಅತ್ತೆ. ಕರೆಂಟಿಗೆ ಕಾದು ಸಾಕಾಗಿ, ಬೀಸದ ರಾಗಿಯ ಚೀಲವನ್ನೇ ಸೊಂಟಕ್ಕೇರಿಸಿಕೊಂಡು ಬಂದಿದ್ದರು. ಶಾಮಿಯಾನ ನೋಡಿದರು, ಮಗನನ್ನು ನೋಡಿದರು, ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಭೀಮರಾಜ್ ಎಲ್ಲವನ್ನೂ ಹೇಳಿದ. ಅತ್ತೆ ಪುಸ್ತಿಕೆ ಇಸಿದುಕೊಂಡು ಆ ಪುಟವನ್ನು ನಿಧಾನವಾಗಿ ಓದಿದರು. ಮಾವ ತೀರಿಕೊಂಡಾಗಿನಿಂದ ಖಾಲಿಯಾಗಿರುವ ತಮ್ಮ ಮುಂಗೈಯನ್ನೊಮ್ಮೆ ನೋಡಿಕೊಂಡರು.

ಏನೋ ಹೇಳಲು ಬಾಯಿ ತೆರೆದಿದ್ದರು. ಆಗ ಕರೆಂಟು ಬಂತು.

ಶೆಡ್ಡಿನೊಳಗೆ ಕೊಕ್ಕರೆ ತಾನಾಗಿಯೇ ಗರ್ಜಿಸಿತು. ನಾನು ಒತ್ತಿದ್ದ ಸ್ವಿಚ್ಚು ಒತ್ತಿದ ಹಾಗೇ ಇತ್ತು. ಚಕ್ಕಿಗೆ ಚುಚ್ಚಿದ್ದ ಕೀ ಕೂಡ ಚುಚ್ಚಿದ ಹಾಗೇ ಇತ್ತು. ಅದು ಬಾಗಿಲಿಂದ ಹಾರಿ, ದ್ಯಾವಯ್ಯನವರ ಪೇಟವನ್ನು ಸವರಿ, ಕರಿಯಪ್ಪನ ಹಂಡೆಗೆ ಠಣ್ಣೆಂದು ಬಡಿಯಿತು. ಕರೆಂಟು ಬೆಳಗ್ಗೆಯೇ ಇದ್ದಿದ್ದರೆ ಆ ಕೀಯ ದಾರಿಯಲ್ಲಿ ಇರುತ್ತಿದ್ದದ್ದು ನನ್ನ ಮುಖ. ಶಾಮಿಯಾನ ದಂಡವಾಗುತ್ತಿರಲಿಲ್ಲ.

ಅತ್ತೆ ಒಳಗೆ ಹೋಗಿ ಸ್ವಿಚ್ಚು ಆರಿಸಿದರು. ಹೊರಗೆ ಬಂದು ಕೀ ಎತ್ತಿಕೊಂಡರು.

“ಬಳೆ, ತಾಳಿ ಎಲ್ಲಿಟ್ಟೆ?”

“ಸಾಸಿವೆ ಡಬ್ಬೀಲಿ ಅತ್ತೆ.”

“ಬುದ್ಧಿನೂ ಅದರಲ್ಲೇ ಇಟ್ಟಿದ್ಯಾ ನೋಡು ಹೋಗು.”

ಆಮೇಲೆ ದ್ಯಾವಯ್ಯನವರ ಕಡೆ ತಿರುಗಿದರು. ದನಿ ಏರಲಿಲ್ಲ. “ಭಾವ, ಮಿಷನ್ನು ಎಲ್ಲೂ ಹೋಗಲ್ಲ. ಅದಕ್ಕೆ ಕೈ, ಕೊರಳು ಖಾಲಿ ಇರೋರು ಬೇಕಂತೆ. ಅವತ್ತು ನೀವೇ ಮುಂದೆ ನಿಂತು ನಂದೆಲ್ಲಾ ತೆಗೆಸಿದ್ರಲ್ಲ. ಇನ್ನೇನು ಕಳಚೋದಿದೆ ನಂಗೆ?”

ದ್ಯಾವಯ್ಯ ಪೇಟ ಸರಿಮಾಡಿಕೊಂಡರು. ಅದು ಸರಿಯಾಗಲು ಬಹಳ ಹೊತ್ತು ಹಿಡಿಯಿತು.

ಅತ್ತೆ ಸೆರಗನ್ನು ಸೊಂಟಕ್ಕೆ ಬಿಗಿದು, ನನ್ನ ಕನ್ನಡಕ ಹಾಕಿಕೊಂಡರು. ಹಿಡಿಯನ್ನು ಎಷ್ಟು ಮೆಲ್ಲಗೆ ಒತ್ತಬೇಕೆಂದು ನಾನು ತಿರುಗುಬಲದ ಅಧ್ಯಾಯ ತೆಗೆದೆ. “ಸುಮ್ನೆ ಹಲಗೆ ಹಿಡ್ಕೊಳೇ” ಎಂದರು. ಹಲಸಿನ ಹೊಟ್ಟು ಅರಿಸಿನದ ಹಾಗೆ ಉದುರಿತು. ಸಂಜೆಯಾಗುವ ಮೊದಲೇ ನಾಲ್ಕು ಮೂಲೆಗೆ ನಾಲ್ಕು ತೂತು. ಜಾಗ ಸಿಗದ ತೆಂಗಿನಕಾಯಿ ನಮ್ಮ ಮಲಗುವ ಕೋಣೆಗೆ ಬಂತು. ಬದುಕಿ ಬಂದ ಗಂಡ ಈಗ ಅದರ ನಡುವೆ ಮಲಗುತ್ತಾನೆ.

ಡ್ರಿಲ್ಲಿನ ಕೀ ಅತ್ತೆಯ ಸೊಂಟದಲ್ಲಿದೆ, ಬೀರುವಿನ ಕೀಯ ಪಕ್ಕದಲ್ಲಿ. ಮೊನ್ನೆ ಧೈರ್ಯ ಮಾಡಿ ಕೇಳಿದೆ. ಒಂದು ಸಣ್ಣ ಶೆಲ್ಫು ಮಾಡುವ ಆಸೆಯಿತ್ತು. ಅತ್ತೆ ಉಯ್ಯಾಲೆ ನಿಲ್ಲಿಸಲಿಲ್ಲ, ಕಣ್ಣೂ ತೆರೆಯಲಿಲ್ಲ.

“ಕೊಡ್ತೀನಿ. ಮೊದ್ಲು ಹೋಗಿ ಉಷಾರಾಣಿಗೆ, ನನ್ನ ಗಂಡ ಇವತ್ತು ಬದುಕಿದಾನೆ ಅಂತ ಹೇಳಿ ಬಾ.”