ರಾವಸಾಹೇಬರ ಭಿಡು

ಅಧಿಕಾರಿ ಮತ್ತು ಕಾರಕೂನ ಒಂದೇ ಮೇಜಿಗೆ ಕೂತು ಇಸ್ಪೀಟು ಆಡುವಲ್ಲೆಲ್ಲ ಇಂಥವು ನಡೆದೇ ನಡೆಯುತ್ತವೆ. ನಮ್ಮ ಜತ್ತಿನಲ್ಲಿ ವಾರಕ್ಕೆ ಐದು ಸಂಜೆ ನಡೆಯುತ್ತಿದ್ದವು, ಅಷ್ಟೇ ವ್ಯತ್ಯಾಸ.

ಸಂಸ್ಥಾನ ವಿಲೀನವಾಗಿ ಮೂರು ನಾಲ್ಕು ವರ್ಷವಾಗಿತ್ತು. ನಮ್ಮದಕ್ಕೆ ಆಗ ದಕ್ಷಿಣ ಸಾತಾರಾ ಜಿಲ್ಲೆ ಎನ್ನುತ್ತಿದ್ದರು. ರಾಜರ ಕಾಲದ ಕ್ಲಬ್ಬಿನಲ್ಲಿ ಹಸಿರು ಬಟ್ಟೆ ಹೊದಿಸಿದ ಮೇಜು ಒಂದು, ಕುರ್ಚಿ ನಾಲ್ಕು ಉಳಿದಿದ್ದವು. ಅಲ್ಲಿ ಬ್ರಿಜ್ ಆಡುತ್ತಿದ್ದವರೂ ನಾಲ್ವರೇ: ಊರ ಡಾಕ್ಟರು, ವಕೀಲರು, ನಮ್ಮ ಕಚೇರಿಯ ರಾವಸಾಹೇಬರು, ಅವರ ಕೈಕೆಳಗಿನ ಕಾರಕೂನನಾದ ನಾನು. ಯಾವ ಕಚೇರಿ ಎಂದು ಮಾತ್ರ ಹೇಳುವುದಿಲ್ಲ. ಪೆನ್ಶನ್ ಇನ್ನೂ ಬರುತ್ತಿದೆ.

ಬ್ರಿಜ್ ಗೊತ್ತಿಲ್ಲದವರಿಗೆ ಎರಡು ಮಾತು. ಎದುರುಬದುರು ಕೂತವರು ಭಿಡುಗಳು, ಅಂದರೆ ಜೊತೆಗಾರರು. ಎಲೆ ಹಂಚಿದ ಮೇಲೆ ಮೊದಲು ಬೋಲಿ ನಡೆಯುತ್ತದೆ: ಒಂದು ಎಂದರೆ ಏಳು ಕೈ (ನಾಲ್ವರ ನಾಲ್ಕು ಎಲೆಯ ಸುತ್ತು ಒಂದು ಕೈ) ಗೆಲ್ಲುತ್ತೇವೆ, ಎರಡು ಎಂದರೆ ಎಂಟು, ಹೀಗೆ ಏರಿ ಏಳು ಎಂದರೆ ಹದಿಮೂರಕ್ಕೆ ಹದಿಮೂರೂ ನಮ್ಮವೇ. ನನ್ನ ಹತ್ತಿರ ಇಂಥ ಎಲೆ ಇದೆ ಎಂದು ಭಿಡುವಿಗೆ ಬಾಯಿಬಿಟ್ಟು ಹೇಳುವಂತಿಲ್ಲ. ಬೋಲಿಯಲ್ಲೇ ತಿಳಿಸಬೇಕು, ಅವನು ಬೋಲಿಯಲ್ಲೇ ಉತ್ತರ ಕೊಡಬೇಕು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಗೆ ಇರಬೇಕು. ಇಂಥ ಆಟವನ್ನು ಸರಕಾರಿ ನೌಕರರಿಗೆ ಯಾರು ಕಲಿಸಿದರೋ ಕಾಣೆ.

೧. ಎತ್ತಿ ಹಿಡಿದದ್ದು

ರಾವಸಾಹೇಬರ ಮೊದಲಿನ ಭಿಡು ಕಚೇರಿಯ ಹಳೆಯ ಕಾರಕೂನ. ಆಟದಲ್ಲಿ ಅವರಿಗಿಂತ ಜಾಣನಾಗಿದ್ದ. ಆ ಜಾಣತನದ ಮೇಲೆಯೇ ಅವನಿಗೆ ದೂರದ ದರಿಬಡಚಿ ಹಳ್ಳಿಗೆ ಬದಲಿಯಾಗಿ, ಆಟದ ಕುರ್ಚಿ ನನಗೆ ಬಂತು. ದರಿಬಡಚಿಯ ಜನ ಒಳ್ಳೆಯವರು, ಅಲ್ಲಿಯ ಕುರಿಗಳೂ ಒಳ್ಳೆಯವೇ. ಆದರೆ ನನ್ನ ಹೆಂಡತಿ ಜತ್ತಿನ ಹೆಣ್ಣುಮಕ್ಕಳ ಸಾಲಿಯಲ್ಲಿ ಮಾಸ್ತರಿಣಿ. ನಾಲ್ಕು ವರ್ಷ ಅರ್ಜಿ ಕೊಟ್ಟು ಇಬ್ಬರೂ ಒಂದೇ ಊರಿಗೆ ಬಂದಿದ್ದೆವು. ರಾವಸಾಹೇಬರ ಮೇಜಿನ ಬಲಗಡೆಯ ಖಾನೆಯಲ್ಲಿ ದರಿಬಡಚಿಯ ಬದಲಿ ಹುಕುಮು ಇನ್ನೊಂದು ತಯಾರಿತ್ತು. ಹೆಸರು ಮತ್ತು ತಾರೀಖಿನ ಜಾಗ ಖಾಲಿ. ಅದನ್ನು ತಿಂಗಳಿಗೊಮ್ಮೆ ಹೊರಗೆ ತೆಗೆದು, ಧೂಳು ಝಾಡಿಸಿ, ನನಗೆ ಕಾಣುವ ಹಾಗೆ ಒಳಗಿಡುತ್ತಿದ್ದರು.

ಹೆಂಡತಿ ಬುದ್ಧಿ ಹೇಳಿ ಕಳಿಸಿದಳು. "ಅವರು ಏನಂತಾರ ಅದಕ್ಕ ಹೂಂ ಅನ್ರಿ. ಇಷ್ಟು ದಿನ ಮನ್ಯಾಗ ಅಂದ ರೂಢಿ ಐತೆಲ್ಲ."

ಮೊದಲ ಸಂಜೆ ರಾವಸಾಹೇಬರು ಒಂದು ಇಸ್ಪಿಕ್ ಎಂದರು. ನಮ್ಮಲ್ಲಿ ಎಲೆಗಳಿಗೆ ಮರಾಠಿಯವೇ ಹೆಸರು: ಇಸ್ಪಿಕ್, ಬದಾಮ, ಚೌಕಟ, ಕಿಲ್ವರ, ಅಂದರೆ ಇಸ್ಪೇಟು, ಆಟೀನು, ಡೈಮನ್, ಕಳಾವರ. ಬೋಲಿಯಲ್ಲಿ ಹೇಳಿದ ಬಣ್ಣವೇ ಆ ಆಟದ ತುರುಫು. ನನ್ನ ಕೈಯಲ್ಲಿ ಇಸ್ಪಿಕ್ ತುಂಬಿಕೊಂಡಿತ್ತು. ಭಿಡುವಿಗೆ ಧೈರ್ಯ ಕೊಡೋಣ ಎಂದು ಮೂರು ಇಸ್ಪಿಕ್ ಎಂದೆ.

ರಾವಸಾಹೇಬರು ಎಲೆಗಳನ್ನು ಬೋರಲಾಗಿಟ್ಟರು.

"ನಾ ಒಂದು ಅಂದೆ. ನೀ ಮೂರು ಅಂದಿ. ಕಚೇರ್ಯಾಗೂ ನನ್ನ ಸಹೀ ಮ್ಯಾಲೆ ಹಿಂಗ ಬರೀತಿ ಏನು?"

ಡಾಕ್ಟರು ನಡುವೆ ಬಾಯಿ ಹಾಕಿದರು. "ಅಲ್ರಿ ರಾವಸಾಹೇಬ್ರ, ಅವ ನಿಮ್ಮನ್ನ ಎತ್ತಿ ಹಿಡದಾನ್ರಿ."

"ನನ್ನ ಎತ್ತಲಿಕ್ಕೆ ಇವ ಯಾರು?"

ಮುಂದಿನ ಆಟದಲ್ಲಿ ಅವರು ಮತ್ತೆ ಒಂದು ಇಸ್ಪಿಕ್ ಎಂದರು. ನನ್ನ ಹತ್ತಿರ ಎರಡು ಎಕ್ಕ, ಐದು ಇಸ್ಪಿಕ್. ಬಾಯಿ ಮುಚ್ಚಿಕೊಂಡು ಪಾಸ್ ಎಂದೆ. ಗೆದ್ದದ್ದು ಹನ್ನೆರಡು ಕೈ. ಆರು ಅಂದಿದ್ದರೆ ಬರುತ್ತಿದ್ದ ಅಂಕಗಳಲ್ಲಿ ಮೂರರಲ್ಲೊಂದು ಪಾಲೂ ಬರಲಿಲ್ಲ. ರಾವಸಾಹೇಬರು ಮಾತ್ರ ಖುಷಿಯಾಗಿ ವಕೀಲರ ಕಡೆ ತಿರುಗಿದರು. "ನೋಡ್ರಿ, ಹೇಳಿದ್ದು ಏಳು, ಮಾಡಿದ್ದು ಹನ್ನೆರಡು. ಕೆಲಸ ಅಂದ್ರ ಹಿಂಗ ಇರ್ಬೇಕು."

ಹೇಳಿದ್ದಕ್ಕಿಂತ ಹೆಚ್ಚು ಮಾಡಿದ್ದನ್ನು ನಮ್ಮ ಖಾತೆಯಲ್ಲಿ ನಾನು ನೋಡಿದ್ದು ಅದೊಂದೇ ಸಲ.

೨. ಕರಾರುಪತ್ರ

ಯಾವ ಬೋಲಿಗೆ ಏನು ಅರ್ಥ ಎಂದು ಭಿಡುಗಳು ಮೊದಲೇ ಗೊತ್ತು ಮಾಡಿಕೊಳ್ಳಬೇಕು, ಎದುರು ಪಕ್ಷದವರಿಗೂ ಅದು ತಿಳಿದಿರಬೇಕು ಎಂಬುದು ಬ್ರಿಜ್‌ನ ಕಾಯಿದೆ. ಬೇರೆ ಊರುಗಳಲ್ಲಿ ಇದನ್ನು ಚಹಾ ಕುಡಿಯುತ್ತ ಮಾತಾಡಿ ಮುಗಿಸುತ್ತಾರೆ. ರಾವಸಾಹೇಬರು, "ಬಾಯಿ ಮಾತಿಗೆ ಬೆಲಿ ಇಲ್ಲ, ಬರಹದಾಗ ಇರ್ಲಿ," ಎಂದರು.

ವಕೀಲರಿಗೆ ಅಷ್ಟೇ ಸಾಕಾಗಿತ್ತು. ಎರಡು ದಿನದಲ್ಲಿ ಕರಾರುಪತ್ರ ಬರೆದು ತಂದರು. ರಾವಸಾಹೇಬರು ಪಕ್ಷಕಾರ ನಂಬರ್ ಒಂದು, ನಾನು ನಂಬರ್ ಎರಡು. ಒಂದನೆಯ ಕಲಮು: ನಂಬರ್ ಎರಡನೆಯವನು ನಂಬರ್ ಒಂದರ ಬೋಲಿಯ ಮೇಲೆ ವಿನಾಕಾರಣ ಬೋಲಿ ಮಾಡತಕ್ಕದ್ದಲ್ಲ. ಎರಡನೆಯದು: ನಾಲ್ಕು ನೋಟ್ರಂಪ್ (ತುರುಫು ಇಲ್ಲದ ಬೋಲಿ) ಎಂದರೆ 'ನಿಮ್ಮ ಹತ್ತಿರ ಎಕ್ಕ ಎಷ್ಟು' ಎಂದು ಕೇಳಿದಂತೆ. ಅದಕ್ಕೆ ಐದು ಕಿಲ್ವರ ಎಂದರೆ ಒಂದೂ ಇಲ್ಲ, ಐದು ಚೌಕಟ ಎಂದರೆ ಒಂದು, ಐದು ಬದಾಮ ಎಂದರೆ ಎರಡು, ಐದು ಇಸ್ಪಿಕ್ ಎಂದರೆ ಮೂರು. ಮೂರನೆಯದು: ತಕರಾರು ಬಂದಲ್ಲಿ ನಂಬರ್ ಒಂದರ ನಿರ್ಣಯವೇ ಕೊನೆಯದು, ತಪ್ಪು ನಂಬರ್ ಎರಡರದ್ದು.

ಇಬ್ಬರೂ ಸಹೀ ಮಾಡಿದೆವು. ಸಾಕ್ಷಿಗೆ ಬೇರೆ ಯಾರೂ ಇಲ್ಲದ್ದರಿಂದ ಡಾಕ್ಟರು, ವಕೀಲರೇ ಸಹೀ ಹಾಕಿ, ಸಾಕ್ಷಿದಾರರ ಹಕ್ಕಿನ ಮೇಲೆ ಒಂದೊಂದು ನಕಲು ಇಟ್ಟುಕೊಂಡರು. ನಮ್ಮ ಪ್ರತಿಯ ಮೇಲೆ ರಾವಸಾಹೇಬರು 'ಗುಪ್ತ' ಎಂದು ಬರೆದು ಕಚೇರಿಯ ಖಾನೆಯಲ್ಲಿ ಬೀಗ ಹಾಕಿಟ್ಟರು, ದರಿಬಡಚಿಯ ಹುಕುಮಿನ ಪಕ್ಕದಲ್ಲಿ.

ಹೀಗಾಗಿ ಮುಂದೆ ಆಟದ ನಡುವೆ ನಮ್ಮ ಬೋಲಿಯ ಅರ್ಥ ನಮಗೇ ಮರೆತರೆ ಎದುರು ಪಕ್ಷದ ವಕೀಲರನ್ನು ಕೇಳುತ್ತಿದ್ದೆವು. ಅವರು ಕನ್ನಡಕ ಏರಿಸಿ, ಕಿಸೆಯಿಂದ ನಕಲು ತೆಗೆದು, ಕಲಮು ಓದಿ ಹೇಳಿ, ಆಮೇಲೆ ನಮ್ಮನ್ನು ಸೋಲಿಸುತ್ತಿದ್ದರು.

೩. ಪ್ರಶ್ನೆ ಕೇಳಿದ್ದು

ಕರಾರು ಆದ ಎಂಟು ದಿನಕ್ಕೆ ನನಗೆ ಅಪರೂಪದ ಎಲೆ ಬಂದವು. ರಾವಸಾಹೇಬರ ಹತ್ತಿರ ಎರಡು ಎಕ್ಕ ಇದ್ದರೆ ಹನ್ನೆರಡು ಕೈ ಖಾತ್ರಿ. ಎರಡನೆಯ ಕಲಮು ನೆನೆಸಿಕೊಂಡು, ದೇವರ ಹೆಸರು ಹೇಳಿ ನಾಲ್ಕು ನೋಟ್ರಂಪ್ ಎಂದೆ.

ಡಾಕ್ಟರು ಪಾಸ್ ಎಂದರು. ರಾವಸಾಹೇಬರು ನಶ್ಯದ ಡಬ್ಬಿ ತೆಗೆದರು, ಏರಿಸಿದರು, ಮೂಗು ಒರೆಸಿಕೊಂಡರು.

ವಕೀಲರೇ ನೆನಪು ಮಾಡಿದರು. "ನಿಮ್ಮ ಭಿಡು ಏನೋ ಕೇಳ್ಯಾನ್ರಿ. ಕಲಮು ಎರಡು."

"ಕೇಳಿದ್ದು ಕೇಳಿಸೇತಿ," ಎಂದರು ರಾವಸಾಹೇಬರು. "ಪ್ರಶ್ನೆ ಮ್ಯಾಲಿಂದ ಕೆಳಗ ಬರ್ತಾವ. ಕೆಳಗಿಂದ ಮ್ಯಾಲೆ ಅರ್ಜಿ ಹೋಗ್ತಾವ. ಇಪ್ಪತ್ತು ವರ್ಷದ ನೌಕರ್ಯಾಗ ಕಾರಕೂನಗ ನಾ ಎಂದೂ ಉತ್ತರ ಕೊಟ್ಟಾಂವ ಅಲ್ಲ. ಪಾಸ್."

ಮರುದಿನ ಸಿಟ್ಟಿನಲ್ಲಿ, ಹೆಂಡತಿಯ ಬುದ್ಧಿಮಾತು ಮರೆತು, ನಾನು ಕಚೇರಿಯಲ್ಲಿ ನಿಜವಾಗಿಯೂ ಒಂದು ಅರ್ಜಿ ಬರೆದು ಅವರ ಮೇಜಿನ ಮೇಲಿಟ್ಟೆ: 'ನಿನ್ನೆ ಸಂಜೆ ತಮ್ಮಲ್ಲಿದ್ದ ಎಕ್ಕಗಳ ಸಂಖ್ಯೆ ತಿಳಿಸಬೇಕಾಗಿ ವಿನಂತಿ.' ಇನ್ನು ಖಾನೆಯ ಬೀಗದ ಸಪ್ಪಳ ಕೇಳಿದರೆ ನನ್ನ ಕಥೆ ಮುಗಿದಂತೆ. ಆದರೆ ಅವರು ಅರ್ಜಿಯನ್ನು ಗಂಭೀರವಾಗಿ ಓದಿದರು. ರೀತಿಯ ಪ್ರಕಾರ ಬಂದಿತ್ತು, ಅವರಿಗೆ ಸಮಾಧಾನವಾಗಿತ್ತು.

ಹದಿನೈದು ದಿನದ ನಂತರ ಅದು ನನಗೆ ವಾಪಸು ಬಂತು. ಮೂಲೆಯಲ್ಲಿ ಕೆಂಪು ಮಸಿಯಲ್ಲಿ ಬರೆದಿತ್ತು: 'ವಿಷಯ ವಿಚಾರದಲ್ಲಿದೆ.'

೪. ಏಳು ಇಸ್ಪಿಕ್

ಅಷ್ಟರಲ್ಲಿ ಜಿಲ್ಲೆಯ ದೊಡ್ಡ ಸಾಹೇಬರು ಫಿರತಿಯ ಮೇಲೆ, ಅಂದರೆ ಊರೂರು ತಪಾಸಣೆಗೆ, ಬರುವ ಸುದ್ದಿ ಬಂತು. ಬ್ರಿಜ್ ಎಂದರೆ ಅವರಿಗೆ ಜೀವ. ರಾವಸಾಹೇಬರಿಗೆ ಕೃಷ್ಣಾ ನದಿಯ ದಂಡೆಯ ಊರೊಂದಕ್ಕೆ ಬದಲಿ ಬೇಕಾಗಿತ್ತು. ಜತ್ತಿನ ಬಾವಿಯ ಸವಳು ನೀರು ಕುಡಿದೇ ತಮ್ಮ ಕೂದಲು ಉದುರಿದ್ದು ಎಂದು ಅವರ ನಂಬಿಗೆ. ದೊಡ್ಡ ಸಾಹೇಬರ ಒಂದು ಶಿಫಾರಸು ಸಾಕಿತ್ತು.

ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು.

"ನಾಳೆ ನಾವು ಸೋಲಬೇಕು."

"ದಿನಾ ಸೋಲ್ತೇವಲ್ರಿ," ಎಂದೆ.

"ದಿನಾ ಸೋಲೂದು ಬ್ಯಾರೆ. ನಾಳೆ ನೇಮಿನಿಂದ ಸೋಲಬೇಕು. ಕೈಯಾಗ ಇದ್ದದ್ದಕ್ಕಿಂತ ಮೂರು ಹೆಚ್ಚಿಗಿ ಬೋಲಿ ಮಾಡು, ನಾನೂ ಮಾಡ್ತೇನಿ. ಆದ್ರ ಎಲಿ ಆಡೂಮುಂದ ಪ್ರಾಮಾಣಿಕ ಆಡಬೇಕು. ಆಟದಾಗ ಲಬಾಡಿ ನನಗ ಆಗಿಬರೂದಿಲ್ಲ." ಆಮೇಲೆ ಖಾನೆ ಎಳೆದು, ಹುಕುಮಿನ ಧೂಳು ಝಾಡಿಸಿ, "ಅಕಸ್ಮಾತ್ ಗೆದ್ದೀ ಅಂದ್ರ," ಎಂದು ಅದನ್ನು ಒಳಗಿಟ್ಟರು.

ಮರುದಿನ ಊಟದ ನಂತರ ದೊಡ್ಡ ಸಾಹೇಬರು ಇಳಿದಿದ್ದ ಬಂಗಲೆಯಲ್ಲಿ ಆಟ ಶುರುವಾಯಿತು. ದೊಡ್ಡ ಸಾಹೇಬರ ಭಿಡು ಅವರದೇ ಕಾರಕೂನ. ಡಾಕ್ಟರು ಬರಲಿಲ್ಲ, ವಕೀಲರು ಮಾತ್ರ ನೋಡಲು ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಎಲ್ಲ ಅಂದುಕೊಂಡ ಹಾಗೇ ನಡೆಯಿತು. ಎರಡು ತಾಸು ಪ್ರಾಮಾಣಿಕವಾಗಿ ಸೋತೆವು. ದೊಡ್ಡ ಸಾಹೇಬರು ಖುಷಿಯಾಗಿ, "ರಾವಸಾಹೇಬ್ರ, ನಿಮಗ ಹೊಳೀ ನೀರು ಹೊಂದ್ತಾವೇನ್ರಿ?" ಎಂದೂ ಕೇಳಿಬಿಟ್ಟರು. ರಾವಸಾಹೇಬರ ಕಣ್ಣು ಒದ್ದೆಯಾಯಿತು.

ಕೊನೆಯ ಆಟ. ನಾನು ಒಂದು ಇಸ್ಪಿಕ್ ಎಂದೆ. ರಾವಸಾಹೇಬರು ನಾಲ್ಕು ಎಂದರು. ನಾನು ಐದು. ಅವರು ಆರು ಎಂದು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಖಾನೆ ಕಂಡಿತು. ಏಳು ಎಂದೆ. ದೊಡ್ಡ ಸಾಹೇಬರು ನಕ್ಕು, ಇವರಿಂದ ಆಗದು ಎಂದು ಡಬಲ್ ಮಾಡಿ ಕಿಲ್ವರ ರಾಣಿ ಇಳಿಸಿದರು.

ರಾವಸಾಹೇಬರು ನಿಯಮದಂತೆ ತಮ್ಮ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ನೋಡಿ ನನ್ನ ಜೀವ ಹಾರಿತು. ಹೆಚ್ಚಿಗೆ ಬೋಲಿ ಮಾಡುವ ಭರದಲ್ಲಿ ಅವರು ತಮ್ಮ ಕೈಯನ್ನೇ ನೋಡಿರಲಿಲ್ಲ. ನನಗೆ ಬೇಕಾದದ್ದೆಲ್ಲ ಅಲ್ಲಿತ್ತು. ಒಂದೇ ಒಂದು ಆಸೆ ಉಳಿದಿತ್ತು. ಕಿಲ್ವರ ಎಕ್ಕ ನಮ್ಮಿಬ್ಬರಲ್ಲೂ ಇರಲಿಲ್ಲ. ನನ್ನಲ್ಲಿ ಕಿಲ್ವರ ರಾಜ ಒಂದೇ ಎಲೆ. ದೊಡ್ಡ ಸಾಹೇಬರ ಕಾರಕೂನನ ಎಕ್ಕ ಬಿದ್ದರೆ ನನ್ನ ರಾಜ ಸತ್ತ, ಒಂದು ಕೈ ಸೋತೆವು, ಜತ್ತಿನ ಕುರ್ಚಿ ಉಳಿಯಿತು.

ಕಾರಕೂನ ಒಂದು ಎಲೆ ಅರ್ಧ ಎಳೆದ, ಮತ್ತೆ ಒಳಗಿಟ್ಟ. ಕೊನೆಗೆ ಎರಡರ ಎಲೆ ಹಾಕಿದ. ಬೇರೆ ಕಿಲ್ವರ ಇಲ್ಲದೆ ನಾನು ರಾಜನನ್ನು ಹಾಕಲೇಬೇಕಾಯಿತು. ಕೈ ನನ್ನದಾಯಿತು.

ಇನ್ನು ಪ್ರಾಮಾಣಿಕತೆಯನ್ನು ಸ್ವಲ್ಪ ಬದಿಗಿಟ್ಟು ಎಲ್ಲಾದರೂ ಒಂದು ತಪ್ಪು ಮಾಡೋಣ ಎಂದು ಯೋಚಿಸುತ್ತಿದ್ದೆ. ಹಿಂದಿನಿಂದ ವಕೀಲರು, "ಉಳದದ್ದೆಲ್ಲಾ ಮ್ಯಾಲಿನ ಎಲಿ, ಸಾಹೇಬರಿಗೆ ಸುಮ್ನ ತ್ರಾಸು ಯಾಕ," ಎಂದು ನನ್ನ ಕೈಯಿಂದ ಎಲೆ ಕಿತ್ತುಕೊಂಡು ಮೇಜಿನ ಮೇಲೆ ಹರವಿದರು. ಹದಿಮೂರಕ್ಕೆ ಹದಿಮೂರು.

ದೊಡ್ಡ ಸಾಹೇಬರು ತಮ್ಮ ಭಿಡುವಿನ ಕಡೆ ತಿರುಗಿದರು. "ಕಿಲ್ವರ ಎಕ್ಕಾ ಎಲ್ಲಿತ್ತು?"

ಅವನು ಎದೆಗವಚಿಕೊಂಡಿದ್ದ ಎಕ್ಕ ತೋರಿಸಿದ. "ಸಾಹೇಬ್ರ ರಾಣಿ ಹಾಕಿದ್ರಿ. ಅದರ ಮ್ಯಾಲೆ ನಾ ಹೆಂಗ ಹಾಕ್ಲಿರಿ?"

ರಾವಸಾಹೇಬರು ಅವನನ್ನು, ಹೆಣ್ಣು ಹೆತ್ತವರು ಒಳ್ಳೆ ವರನನ್ನು ನೋಡುವ ಹಾಗೆ ನೋಡಿದರು. ಇಂಥ ಭಿಡು ತಮಗೆ ಸಿಗಲಿಲ್ಲವಲ್ಲ ಎಂದು.

"ಏಳು ಅನ್ನೂ ಧೈರ್ಯ ಯಾರದು?" ಎಂದರು ದೊಡ್ಡ ಸಾಹೇಬರು.

"ಅವನದ್ರಿ," ಎಂದರು ರಾವಸಾಹೇಬರು ಲಗೂನ. "ನನ್ನ ಸಂಬಂಧ ಇಲ್ಲ. ನಾ ಆರಕ್ಕ ನಿಂತಿದ್ದೆ."

"ಯಾರದಾದ್ರೂ ಆಗ್ಲಿ. ಇದರ ಸೇಡು ನಾ ತೀರಿಸ್ಕೊಳ್ಳಾವ. ನಿಮ್ಮಿಬ್ಬರನ್ನ ನಾ ಸೋಲಿಸೂತನಕ ಇಬ್ರೂ ಜತ್ತ ಬಿಡೂಹಂಗಿಲ್ಲ." ಅಲ್ಲೇ ಕಾಗದ ತರಿಸಿ ಬರೆದು, ಸಹೀ ಮಾಡಿ, ಜೀಪು ಹತ್ತಿದರು.

ಅಂದರೆ ನಾನು ಹೆಂಡತಿಯ ಜೊತೆ ಜತ್ತಿನಲ್ಲಿ ಇರಬೇಕೆಂದರೆ ಇನ್ನು ಮುಂದೆ ಗೆಲ್ಲಬೇಕು. ರಾವಸಾಹೇಬರು ಹೊಳೆಯ ನೀರು ಕುಡಿಯಬೇಕೆಂದರೆ ಸೋಲಬೇಕು. ನಾವಿಬ್ಬರೂ ಭಿಡುಗಳು, ಕರಾರುಪತ್ರವಿದೆ. ಆ ದಿನ ಮನೆಗೆ ಹೋಗಿ ಹೇಳಿದಾಗ ಹೆಂಡತಿ ಮನಸಾರೆ ನಕ್ಕಳು, ನನಗೂ ಬಹಳ ಸಂತೋಷವಾಯಿತು. ಸುಳ್ಳೇಕೆ ಹೇಳಲಿ.

ದೊಡ್ಡ ಸಾಹೇಬರು ಮತ್ತೆ ಬರುವ ಮೊದಲಿನ ತಾಲೀಮು ಎಂದು ಮರುದಿನ ಸಂಜೆ ಕ್ಲಬ್ಬಿನಲ್ಲಿ ಮತ್ತೆ ನಾಲ್ವರೂ ಕೂತೆವು. ಎಲೆ ನೋಡಿದೆ, ನನ್ನ ಕೈಯಲ್ಲಿ ಎರಡು ಎಕ್ಕ. ಈಗ ಖಾನೆಯ ಭಯವಿಲ್ಲ, ನಾಲ್ಕು ನೋಟ್ರಂಪ್ ಎಂದೆ.

ರಾವಸಾಹೇಬರು ನಶ್ಯ ಏರಿಸಲಿಲ್ಲ. ನನ್ನ ಮುಖ ನೋಡಿದರು, ಮುಗುಳ್ನಕ್ಕರು, ಸ್ಪಷ್ಟವಾಗಿ ಐದು ಇಸ್ಪಿಕ್ ಎಂದರು. ವಕೀಲರು ನಕಲು ತೆಗೆದು ಕಲಮು ಎರಡು ಓದಿದರು: "ಅಂದ್ರ ಮೂರು ಎಕ್ಕ."

ಇಪ್ಪತ್ತು ವರ್ಷದ ನೌಕರಿಯಲ್ಲಿ ಮೊದಲ ಸಲ ಅವರು ಕಾರಕೂನನಿಗೆ ಉತ್ತರ ಕೊಟ್ಟಿದ್ದರು. ಇಸ್ಪೀಟಿನ ಪ್ಯಾಕಿನಲ್ಲಿ ಇರುವ ಎಕ್ಕ ನಾಲ್ಕೇ.