ಮಾವನ ದೋಣಿಗೆ ಏಳು ಬಾಟಲಿ

ಫೈಬರ್ ದೋಣಿ ತೊಳೆಯುವುದಕ್ಕೆ ನನಗಿಂತ ಯೋಗ್ಯ ಮನುಷ್ಯ ಈ ಭೂಮಂಡಲದಲ್ಲೇ ಇಲ್ಲ ಎಂದು ನಾನು ಘೋಷಿಸಿದ್ದು ಒಂದು ಸೋಮವಾರ ಬೆಳಿಗ್ಗೆ, ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡು. ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿರುವವನು ನಾನು. ಕೊಳೆ ಎಂಬುದು ನನ್ನ ಮಟ್ಟಿಗೆ ಒಂದು ಸಮೀಕರಣ, ಅಷ್ಟೆ!

ದೋಣಿ ನನ್ನದಲ್ಲ, ಮಾವನದು. ಕಣ್ಣಿಗೆ ಪೊರೆ ಬಂದ ಮೇಲೆ ಅವರು ಮೀನು ಹಿಡಿಯುವುದನ್ನು ಬಿಟ್ಟು, ದೋಣಿಯನ್ನು ಹಿತ್ತಲಿನ ಶೆಡ್ಡಿನಲ್ಲಿಟ್ಟು, ನೋಡಿಕೊಳ್ಳುವ ಕೆಲಸವನ್ನು ನನಗೆ ವಹಿಸಿದ್ದರು. "ತೊಳೀತಿದ್ದೀರಾ ಅಳಿಯಂದ್ರೇ?" ಎಂದು ಅವರು ತಿಂಗಳಿಗೊಮ್ಮೆ ಕೇಳುತ್ತಿದ್ದರು. "ಮೊನ್ನೆ ತಾನೆ ತೊಳೆದೆ ಮಾವ" ಎಂದು ನಾನು ತಿಂಗಳಿಗೊಮ್ಮೆ ಹೇಳುತ್ತಿದ್ದೆ. ಹೀಗೆ ಮೂರು ವರ್ಷ ಕಳೆಯಿತು. ದೋಣಿಯ ಮೈ ಹಳದಿಯಾಯಿತು, ಸೀಟುಗಳ ರೆಕ್ಸಿನ್ ಮೇಲೆ ಕರೀ ಬೂಷ್ಟು ಬೆಳೆಯಿತು. ಈಗ ಆಪರೇಷನ್ ಮುಗಿದು, ಭಾನುವಾರ ಮಾವ ಹೊಸ ಕಣ್ಣಿನಲ್ಲಿ ದೋಣಿ ನೋಡಲು ಬರುವವರಿದ್ದರು. ನನ್ನ ಮೂವತ್ತಾರು ಸುಳ್ಳುಗಳಿಗೆ ಉಳಿದಿದ್ದು ಆರೇ ದಿನ.

"ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು ರೀ. ಅಪ್ಪ ಅದರಲ್ಲೇ ತೊಳೀತಿದ್ದಿದ್ದು" ಅಂದಳು ಹೆಂಡತಿ.

"ನಿಮ್ಮಪ್ಪ ರಸಾಯನಶಾಸ್ತ್ರ ಓದಿದ್ದಾರಾ?"

"ಇಲ್ಲ. ಅದಕ್ಕೇ ಅವರ ದೋಣಿ ಕ್ಲೀನಾಗಿರ್ತಿತ್ತು."

ನಾನು ಅಂಗಡಿಗೆ ಹೋಗಿ ಏಳು ಬಾಟಲಿ ತಂದೆ. ಟೈಲ್ಸ್ ಉಜ್ಜುವ ಆಸಿಡ್, ಪಾತ್ರೆಯ ಲಿಕ್ವಿಡ್, ಬ್ಲೀಚು, ಗಾಜು ಒರೆಸುವುದು, ಒಲೆಯ ಜಿಡ್ಡು ತೆಗೆಯುವುದು, ಸೋಫಾ ಶಾಂಪೂ, ಕಾರಿನ ಪಾಲಿಶು. ಸಾಲಾಗಿ ಜೋಡಿಸಿ, ಕನ್ನಡಕ ಏರಿಸಿಕೊಂಡು ಲೇಬಲ್ ಓದಿದೆ. ಏಳರಲ್ಲೂ ಒಂದು ಮಾತು ಸಮಾನವಾಗಿತ್ತು: ಮೊದಲು ಯಾರ ಕಣ್ಣಿಗೂ ಬೀಳದ ಒಂದು ಮೂಲೆಯಲ್ಲಿ ಹಚ್ಚಿ ಪರೀಕ್ಷಿಸಿ.

ಇದಪ್ಪಾ ವಿಜ್ಞಾನ! ಹಿಂದಿನ ಸೀಟಿನ ಒರಗು ಮಡಚಿ, ಅದರ ಹಿಂದಿದ್ದ ಕತ್ತಲೆ ಮೂಲೆಯನ್ನು ಪ್ರಯೋಗಶಾಲೆ ಎಂದು ಘೋಷಿಸಿದೆ. ಬ್ಲೀಚು ಮತ್ತು ಆಸಿಡ್ ಒಂದಕ್ಕೊಂದು ಸೇರಬಾರದು ಎಂಬುದು ಮಾತ್ರ ನನಗೆ ನಿಜವಾಗಿ ಗೊತ್ತಿದ್ದ ವಿಷಯ, ಆದ್ದರಿಂದ ಅವೆರಡನ್ನೂ ಮುಟ್ಟಲಿಲ್ಲ. ಉಳಿದವು ಅಲ್ಲಿನ ಕಪ್ಪು ಜಿಡ್ಡಿನ ಮುಂದೆ ಸೋತವು. ಕೊನೆಗೆ ಹೆಂಡತಿಯ ಡ್ರೆಸ್ಸಿಂಗ್ ಟೇಬಲ್ಲಿನಿಂದ ನೇಲ್ ಪಾಲಿಶ್ ತೆಗೆಯುವ ಬಾಟಲಿ ತಂದು ಉಜ್ಜಿದೆ. ಆಹಾ, ಒಂದೇ ಏಟಿಗೆ ಮೂಲೆ ಬೆಳ್ಳಗಾಯಿತು. ಬಟ್ಟೆ ಮಾತ್ರ ಯಾಕೋ ನೀಲಿಯಾಗಿತ್ತು.

ಚಹಾ ತಂದ ಹೆಂಡತಿ ಆ ಮೂಲೆಯನ್ನು ನೋಡಿದಳು, ಬಟ್ಟೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಅಲ್ಲೇ ಅಲ್ವಾ ರೀ, ಅಪ್ಪನ ಮೀನಿನ ಗೆರೆಗಳಿದ್ದದ್ದು?"

ಮಾವ ದೊಡ್ಡ ಮೀನು ಹಿಡಿದಾಗಲೆಲ್ಲ ಅದನ್ನು ದೋಣಿಯ ಗೋಡೆಗೆ ಹಿಡಿದು, ಬಾಯಿಂದ ಬಾಲದವರೆಗೆ ನೀಲಿ ಮಾರ್ಕರಿನಲ್ಲಿ ಗೆರೆ ಎಳೆದು ತಾರೀಕು ಬರೆಯುತ್ತಿದ್ದರು. ಮೂವತ್ತು ವರ್ಷಕ್ಕೆ ಅಂಥ ಗೆರೆ ಬರೀ ಐದು. ನಾಲ್ಕು ಅವರದು, ಅಳಿಯನೆಂಬ ದಾಕ್ಷಿಣ್ಯಕ್ಕೆ ಒಂದು ನನ್ನದು. ಜಿಡ್ಡಿನಡಿ ಅವು ಮುಚ್ಚಿಹೋಗಿದ್ದವು, ನನ್ನ ತಲೆಯಿಂದಲೂ ಅಳಿಸಿಹೋಗಿದ್ದವು. ಮೀನಿನ ಕಥೆಯನ್ನು ಯಾರಾದರೂ ನಂಬದಿದ್ದರೆ "ಗೆರೆ ಇದೆ, ಬಂದು ನೋಡಿ" ಎನ್ನುವುದು ಮಾವನ ಕೊನೆಯ ಬಾಣ. ದೋಣಿ ಕೊಳಕಾಗಿದ್ದರೆ ಬೈದು ಬಿಡುತ್ತಿದ್ದರು. ಇದಕ್ಕೆ ಅವರು ಬೈಯುವುದೂ ಇಲ್ಲ, ಸುಮ್ಮನೆ ಕೂತುಬಿಡುತ್ತಾರೆ. ಅದನ್ನು ನೆನೆದೇ ನನಗೆ ನಿಜಕ್ಕೂ ಸಂಕಟವಾಯಿತು.

"ಉದ್ದ ಎಷ್ಟೆಷ್ಟಿತ್ತು, ನಿನಗೆ ನೆನಪಿದೆಯಾ?"

"ನಾನೆಲ್ಲಿ ಅಳೆದಿದ್ದೀನಿ? ಊಟಕ್ಕೆ ಕೂತಾಗೆಲ್ಲ ಅಪ್ಪ ಕೈಯಲ್ಲಿ ತೋರಿಸ್ತಾರಲ್ಲ, ಅಷ್ಟೇ ಗೊತ್ತು."

ಅದೇ ನಮ್ಮನ್ನು ಕಾಪಾಡಿತು. ಆ ಕಥೆಗಳು ತಾರೀಕಿನ ಸಮೇತ ನಮಗಿಬ್ಬರಿಗೂ ಬಾಯಿಪಾಠ. ಹೆಂಡತಿ ದೋಣಿಯೊಳಗೆ ನಿಂತು, ಹುಬ್ಬು ಗಂಟಿಕ್ಕಿ, ಥೇಟ್ ಅವರಪ್ಪನ ಹಾಗೆ ಎರಡೂ ಕೈ ಅಗಲಿಸಿ "ಇಷ್ಟಿತ್ತು, ಸುಳ್ಳಲ್ಲ!" ಎನ್ನುವಳು. ನಾನು ಆ ಕೈಗಳ ನಡುವೆ ಟೇಪು ಹಿಡಿದು ಅಳತೆ ತೆಗೆದು, ಗೋಡೆಯ ಮೇಲೆ ನೀಲಿ ಮಾರ್ಕರಿನಲ್ಲಿ ಗೆರೆ ಎಳೆದು ತಾರೀಕು ಬರೆಯುವೆ. ನಾಲ್ಕು ಮೀನುಗಳೂ ಹೀಗೆ ಮರಳಿ ಹುಟ್ಟಿದವು. ನಾಲ್ಕನೆಯದಂತೂ ಗೋಡೆ ಸಾಲದೆ ಮೂಲೆಯಲ್ಲಿ ತಿರುಗಿಕೊಂಡಿತು. ಕೊನೆಗೆ ನನ್ನ ಮೀನು. ಅದು ಎಷ್ಟಿತ್ತೆಂದು ನನಗೆ ಚೆನ್ನಾಗಿ ನೆನಪಿತ್ತು. ಆದರೂ ಉಳಿದವೆಲ್ಲ ಬೆಳೆದಿರುವಾಗ ಅದೊಂದನ್ನೇ ಚಿಕ್ಕದಾಗಿ ಬಿಡಲು ಮನಸ್ಸು ಬರಲಿಲ್ಲ.

ಉಳಿದ ದೋಣಿಯನ್ನು ಹೆಂಡತಿ ಹೇಳಿದಂತೆ ಸೋಪಿನ ನೀರಿನಲ್ಲಿ, ಮೆತ್ತನೆ ಬಟ್ಟೆಯಲ್ಲಿ ತೊಳೆದೆ. ಸೀಟುಗಳ ಬೂಷ್ಟೂ ಅದರಲ್ಲೇ ಹೋಯಿತು. ಅವಳು ಆರು ಬಾಟಲಿಗಳನ್ನು ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟಳು, ಅಷ್ಟೆ. ಏಳನೆಯದು, ಕಾರಿನ ಪಾಲಿಶು, ಮೈಗೆ ಹೊಳಪು ತಂದು ನನ್ನ ಮಾನದ ಒಂದು ತುಣುಕನ್ನು ಉಳಿಸಿತು.

ಭಾನುವಾರ ಮಾವ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಸುತ್ತಲೂ ನೋಡಿದರು, ಸೀಟು ಸವರಿದರು. ನಂತರ ಒರಗು ಮಡಚಿ, ಕನ್ನಡಕ ತೆಗೆದು, ಗೆರೆಗಳ ಮುಂದೆ ಬಗ್ಗಿದರು.

ಐದನ್ನೂ ನೋಡಿ ಮುಗಿಸಿ ಅವರು ನೆಟ್ಟಗಾದರು. "ಡಾಕ್ಟರ ಕೈಗುಣ ಅಂದ್ರೆ ಇದು! ಪೊರೆ ಇದ್ದಾಗ ಎಲ್ಲಾ ಚಿಕ್ಕದಾಗಿ ಕಾಣ್ತಿತ್ತು. ಈಗ ನೋಡಿ, ಇದ್ದ ಹಾಗೇ ಕಾಣ್ತಿದೆ."

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನೂ ನಗತೊಡಗಿದೆ.

"ಅಳಿಯಂದ್ರೇ," ಅಂದರು ಮಾವ, ಮೂಗರಳಿಸಿ, "ಇಲ್ಲಿ ನೇಲ್ ಪಾಲಿಶ್ ತೆಗೆಯೋ ಔಷಧಿ ವಾಸನೆ ಬರ್ತಿದೆ. ಆ ಬಾಟಲಿ, ಸ್ವಲ್ಪ ಹತ್ತಿ ತನ್ನಿ."

ತಂದುಕೊಟ್ಟೆ. ಮಾವ ಹತ್ತಿ ಅದ್ದಿ, ಐದನೇ ಗೆರೆಯನ್ನು, ಅಂದರೆ ನನ್ನ ಮೀನನ್ನು, ಬಾಲದ ಕಡೆಯಿಂದ ಒರೆಸುತ್ತಾ ಬಂದು, ಹೆಬ್ಬೆರಳಿನಷ್ಟು ಉಳಿದಾಗ ನಿಲ್ಲಿಸಿದರು.

"ಹಾಂ," ಅಂದರು, "ಈಗ ದೋಣಿ ಕ್ಲೀನಾಯ್ತು."